ಸಮಾಧಾನಕರ ಬಹುಮಾನ

ನಮ್ಮ ಊರುಗಳ ರಂಗೋಲಿ ಸ್ಪರ್ಧೆಗಳಲ್ಲಿ ಮೊದಲನೆಯದು, ಎರಡನೆಯದು, ಮೂರನೆಯದು ಎಂದೆಲ್ಲ ಹಂಚಿಯಾದ ಮೇಲೆ 'ಸಮಾಧಾನಕರ ಬಹುಮಾನ' ಎಂದು ಒಂದು ಉಳಿದಿರುತ್ತದೆ. ಸ್ಟೀಲಿನ ಬಟ್ಟಲೋ ಪ್ಲಾಸ್ಟಿಕ್ಕಿನ ಡಬ್ಬಿಯೋ. ಅದನ್ನು ಪಡೆದವರಿಗೆ ಸಮಾಧಾನವಾದದ್ದನ್ನು ನಾನಂತೂ ಕಂಡಿಲ್ಲ. ಸಮಾಧಾನವಾಗುವುದು ಕೊಟ್ಟವರಿಗೆ, ಯಾರನ್ನೂ ಬರಿಗೈಲಿ ಕಳಿಸಲಿಲ್ಲವಲ್ಲ ಎಂದು.

ಈ ಮಾತು ನನ್ನ ತಲೆ ಹೊಕ್ಕಿದ್ದು ಫುಟ್‌ಬಾಲಿನ ಚರಿತ್ರೆ ಓದುವಾಗ. ನಗಬೇಡಿ. ಇಪ್ಪತ್ತೆರಡು ಜನ ಒಂದೇ ಚೆಂಡಿನ ಹಿಂದೆ ಓಡುವ ಆಟ ಎಂಬುದಷ್ಟೇ ನನ್ನ ತಿಳಿವಳಿಕೆಯಾಗಿತ್ತು. ಆದರೆ ಆಂಗ್ಲೋ-ಇಟಾಲಿಯನ್ ಕಪ್ ಎಂಬ ಪಂದ್ಯಾವಳಿಯ ಕಥೆ ಓದಿದ ಮೇಲೆ, ಇದು ಗಂಡಸರ ಆಟದ ಕಥೆ ಮಾತ್ರ ಅಲ್ಲ ಅನ್ನಿಸಿತು.

ಇಂಗ್ಲೆಂಡಿನಲ್ಲಿ ಸ್ವಿಂಡನ್ ಎಂಬ ಊರಿದೆ. ರೈಲು ಕಾರ್ಖಾನೆಯಿಂದ ಬೆಳೆದ ಊರು. ಅಲ್ಲಿಯ ತಂಡ 1969ರಲ್ಲಿ ಮೂರನೆಯ ದರ್ಜೆಯಲ್ಲಿ ಆಡುತ್ತಿತ್ತು. ಆ ವರ್ಷದ ಮಾರ್ಚಿಯಲ್ಲಿ, ವೆಂಬ್ಲಿಯ ಕೆಸರಾದ ಮೈದಾನದಲ್ಲಿ, ಲೀಗ್ ಕಪ್ಪಿನ ಕೊನೆಯ ಪಂದ್ಯದಲ್ಲಿ ಅದು ಲಂಡನ್ನಿನ ದೊಡ್ಡ ತಂಡವಾದ ಆರ್ಸೆನಲ್ಲನ್ನು 3-1ರಿಂದ ಸೋಲಿಸಿತು. ಹೆಚ್ಚುವರಿ ಸಮಯದಲ್ಲಿ ಡಾನ್ ರೋಜರ್ಸ್ ಎಂಬ ಆಟಗಾರ ಎರಡು ಗೋಲು ಹೊಡೆದ. ಆ ಕಪ್ ಗೆದ್ದವರು ಯೂರೋಪಿನ ಫೇರ್ಸ್ ಕಪ್ಪಿನಲ್ಲಿ ಆಡಬಹುದಿತ್ತು. ಆದರೆ ಒಂದು ಷರತ್ತು: ಗೆದ್ದವರು ಮೊದಲ ದರ್ಜೆಯವರಾಗಿರಬೇಕು. ಗೆದ್ದದ್ದು ಸರಿ, ಆದರೆ ನೀವು ಯಾರ ಮನೆಯವರು ಎಂದು ಕೇಳಿದ ಹಾಗೆ! ಎರಡು ವರ್ಷ ಮೊದಲು, 1967ರಲ್ಲಿ, ಮೂರನೆಯ ದರ್ಜೆಯ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡ ಅದೇ ಕಪ್ ಗೆದ್ದಾಗಲೂ ಇದೇ ಬಾಗಿಲು ಮುಚ್ಚಿತ್ತು.

ಸ್ವಿಂಡನ್ನಿಗೆ ನಿಯಮ ಸಡಿಲಿಸಲಿಲ್ಲ. ಬದಲಿಗೆ ಸಮಾಧಾನಕ್ಕೆಂದು ಇಟಲಿಯ ಕಪ್ ಗೆದ್ದಿದ್ದ ರೋಮಾ ತಂಡದೊಡನೆ ಎರಡು ಪಂದ್ಯ ಏರ್ಪಡಿಸಿದರು. ರೋಮಿನಲ್ಲಿ 1-2ರಿಂದ ಸೋತ ಸ್ವಿಂಡನ್, ತನ್ನೂರಿನಲ್ಲಿ 4-0ಯಿಂದ ಗೆದ್ದಿತು. ಮರುವರ್ಷ ಆಂಗ್ಲೋ-ಇಟಾಲಿಯನ್ ಕಪ್ ಶುರುವಾಯಿತು. 1970ರ ಮೇ ತಿಂಗಳಲ್ಲಿ ನೇಪಲ್ಸಿನಲ್ಲಿ ಕೊನೆಯ ಪಂದ್ಯ. ಸ್ವಿಂಡನ್ 3-0 ಮುಂದಿದ್ದಾಗ ಊರಿನ ಪ್ರೇಕ್ಷಕರು ಕೈಗೆ ಸಿಕ್ಕಿದ್ದನ್ನೆಲ್ಲ ಮೈದಾನಕ್ಕೆ ಎಸೆಯತೊಡಗಿದರು. 79ನೆಯ ನಿಮಿಷಕ್ಕೆ ಆಟ ನಿಂತಿತು, ಕಪ್ ಸ್ವಿಂಡನ್ನಿನದಾಯಿತು.

ನನ್ನ ತಕರಾರು ಇರುವುದು ಇಲ್ಲಿಯೇ. ಇವರು ಯೂರೋಪಿನವರೆದುರು ಆಡಲು ಯೋಗ್ಯರಲ್ಲ ಎಂಬುದು ಆ ನಿಯಮದ ಹಿಂದಿನ ಅನುಮಾನ ತಾನೆ? ಆ ಅನುಮಾನ ಸುಳ್ಳೆಂದು ಸಮಾಧಾನಕ್ಕಾಗಿ ಕೊಟ್ಟ ಪಂದ್ಯಗಳೇ ತೋರಿಸಿಕೊಟ್ಟವು. ಆದರೂ 'ನಿಮಗೂ ಒಂದು ಕಪ್ ಸಿಕ್ಕಿತಲ್ಲ' ಎಂದು ಮಾತು ಮುಗಿಸಬಹುದಿತ್ತು. ಪಾಲು ಕೇಳಿದ ಹೆಣ್ಣುಮಗಳಿಗೆ ಹಬ್ಬಕ್ಕೊಂದು ಒಳ್ಳೆಯ ಸೀರೆ ಉಡಿಸಿ ಕಳಿಸುವುದನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಸೀರೆ ಚೆನ್ನಾಗಿಯೇ ಇರುತ್ತದೆ. ಕೇಳಿದ್ದು ಸೀರೆಯಲ್ಲ, ಅಷ್ಟೆ.

ಈ ಕಪ್ಪಿಗೆ ಎರಡನೆಯ ಜನ್ಮ ಬಂದದ್ದು 1992ರಲ್ಲಿ. ಆ ವರ್ಷ ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳು ಪ್ರೀಮಿಯರ್ ಲೀಗ್ ಎಂದು ಬೇರೆ ಮನೆ ಮಾಡಿಕೊಂಡವು. ಟೆಲಿವಿಷನ್ನಿನ ಹಣವೂ ಅವುಗಳ ಹಿಂದೆಯೇ ಹೋಯಿತು. ಉಳಿದವರಿಗೆ ಸಿಕ್ಕಿದ್ದೇನು? ಅಲ್ಲಿಯವರೆಗೆ ಎರಡನೆಯ ದರ್ಜೆ ಎಂದು ಕರೆಸಿಕೊಳ್ಳುತ್ತಿದ್ದವರಿಗೆ 'ಮೊದಲ ದರ್ಜೆ' ಎಂಬ ಹೆಸರು! ನಿಂತ ಮೆಟ್ಟಿಲು ಅದೇ, ಹಲಗೆ ಮಾತ್ರ ಬೇರೆ. ಜೊತೆಗೆ ಇಟಲಿಯ ಎರಡನೆಯ ದರ್ಜೆಯವರೊಡನೆ ಆಡಲು ಈ ಹಳೆಯ ಕಪ್ಪನ್ನು ತೊಳೆದು ಇಟ್ಟರು.

ಕೊನೆಯ ಪಂದ್ಯಗಳೆಲ್ಲ ವೆಂಬ್ಲಿಯಲ್ಲೇ ನಡೆದವು. 1993ರಲ್ಲಿ ಕ್ರೆಮೊನೀಸೆ ತಂಡ ಡಾರ್ಬಿ ಕೌಂಟಿಯನ್ನು ಸೋಲಿಸಿದ್ದನ್ನು 37 ಸಾವಿರ ಜನ ನೋಡಿದರು. ಮರುವರ್ಷ ಬ್ರೆಶಾ ತಂಡ ನಾಟ್ಸ್ ಕೌಂಟಿಯನ್ನು ಸೋಲಿಸಿದಾಗ 17 ಸಾವಿರ. 1995ರಲ್ಲಿ ಇನ್ನೂ ಇಳಿದು 12 ಸಾವಿರದೊಳಗೆ. ಸುಮಾರು 80 ಸಾವಿರ ಜನ ಹಿಡಿಸುವ ಆ ಕ್ರೀಡಾಂಗಣದಲ್ಲಿ, ಛತ್ರ ದೊಡ್ಡದಾಗಿ ಬೀಗರು ಬಾರದ ಮದುವೆಯಂತೆ ಕಂಡಿರಬೇಕು. 1996ರಲ್ಲಿ ಜಿನೋವಾ ತಂಡ ಪೋರ್ಟ್ ವೇಲ್ ಮೇಲೆ 5-2ರಿಂದ ಗೆದ್ದ ಮೇಲೆ ಪಂದ್ಯಾವಳಿಯೇ ನಿಂತುಹೋಯಿತು. ಎರಡು ದೇಶದವರಿಗೂ ಪಂದ್ಯಗಳ ದಿನ ಹೊಂದಿಸಲಾಗಲಿಲ್ಲವಂತೆ. ಮನಸ್ಸಿದ್ದ ಕೆಲಸಕ್ಕೆ ದಿನ ಹೊಂದುತ್ತದೆ ಎಂಬುದು ನಮಗೆಲ್ಲ ಗೊತ್ತಿದೆ.

ಹಾಗೆಂದು ಆಡಿದವರನ್ನು ಹಗುರವಾಗಿ ಕಾಣಲಾರೆ. 1995ರಲ್ಲಿ ನಾಟ್ಸ್ ಕೌಂಟಿ, ಹಿಂದಿನ ವರ್ಷ ಸೋತ ಅದೇ ಮೈದಾನಕ್ಕೆ ಮತ್ತೆ ಬಂದು ಅಸ್ಕೋಲಿ ತಂಡವನ್ನು 2-1ರಿಂದ ಸೋಲಿಸಿತು. ಅದೇ ಋತುವಿನ ಲೀಗಿನಲ್ಲಿ ಅದು ಎಲ್ಲರಿಗಿಂತ ಕೆಳಗೆ ನಿಂತು ಇನ್ನೊಂದು ದರ್ಜೆ ಜಾರಿತು. ಅಸ್ಕೋಲಿಯೂ ಅತ್ತ ಇಟಲಿಯಲ್ಲಿ ಜಾರಿತು. ಇಬ್ಬರೂ ಮುಳುಗುತ್ತಿದ್ದವರೇ. ಅಂಥ ವರ್ಷದಲ್ಲಿ ವೆಂಬ್ಲಿಯ ಮೆಟ್ಟಿಲು ಹತ್ತಿ ಕಪ್ ಎತ್ತಿದವರ ಸಂತೋಷ ಸುಳ್ಳಲ್ಲ. ನನ್ನ ಆಕ್ಷೇಪ ಆ ಸಂತೋಷದ ಮೇಲಲ್ಲ; ಅಷ್ಟರಲ್ಲೇ ತೃಪ್ತಿಪಡಿ ಎಂದವರ ಮೇಲೆ.

ಇಂಗ್ಲೆಂಡಿಗೂ ಇಟಲಿಗೂ ಇರುವ ನಿಜವಾದ ನಂಟು ಬೇರೆ ಕಡೆ ಇದೆ. ಇಟಲಿಯ ಯುವೆಂಟಸ್ ತಂಡದವರು ಮೊದಲು ಗುಲಾಬಿ ಬಣ್ಣದ ಅಂಗಿ ತೊಡುತ್ತಿದ್ದರು. ಒಗೆದೂ ಒಗೆದೂ ಬಣ್ಣ ಮಾಸಿತು. 1903ರಲ್ಲಿ ಇಂಗ್ಲೆಂಡಿನಿಂದ ಹೊಸ ಅಂಗಿಗಳನ್ನು ತರಿಸಿಕೊಂಡರು. ಬಂದದ್ದು ನಾಟ್ಸ್ ಕೌಂಟಿಯ ಕಪ್ಪು-ಬಿಳಿ ಪಟ್ಟೆಯ ಅಂಗಿ. ಅದನ್ನೇ ತಮ್ಮದಾಗಿಸಿಕೊಂಡು ಯುವೆಂಟಸ್ ಲೋಕಪ್ರಸಿದ್ಧವಾಯಿತು. 2011ರ ಸೆಪ್ಟೆಂಬರಿನಲ್ಲಿ ತನ್ನ ಹೊಸ ಕ್ರೀಡಾಂಗಣ ತೆರೆದಾಗ ಮೊದಲ ಪಂದ್ಯಕ್ಕೆ ಅದು ಕರೆದದ್ದು ಯಾವ ಸಿರಿವಂತ ತಂಡವನ್ನೂ ಅಲ್ಲ. ಆಗ ಮೂರನೆಯ ದರ್ಜೆಯಲ್ಲಿದ್ದ ನಾಟ್ಸ್ ಕೌಂಟಿಯನ್ನು. ಆಟ 1-1ರಲ್ಲಿ ಸಮವಾಯಿತು.

ಆ ಕರೆಯಲ್ಲಿ ಸಮಾಧಾನದ ಮಾತಿರಲಿಲ್ಲ, ಋಣದ ನೆನಪಿತ್ತು. ನಾನು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಒಂದು, ಒಳಗೆ ಬಿಡಲಾರದವರು ಜಗುಲಿಯಲ್ಲಿ ಹಾಕಿದ ಮಣೆ. ಇನ್ನೊಂದು, ಮನೆಯ ಗೃಹಪ್ರವೇಶಕ್ಕೆ ಬಂದು ಹೇಳಿದ ಕರೆ. ಮುಂದಿನ ಸಲ ಯಾರಾದರೂ ನಿಮ್ಮ ಕೈಗೆ ಸಮಾಧಾನಕರ ಬಹುಮಾನ ಇಟ್ಟರೆ ಧಾರಾಳವಾಗಿ ತೆಗೆದುಕೊಳ್ಳಿ, ಬಟ್ಟಲು ಅಡಿಗೆಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ತೀರ್ಪಿನ ನಿಯಮವೇನಿತ್ತು ಎಂದು ಕೇಳದೆ ಎದ್ದು ಬರಬೇಡಿ.