ತವರು ಯಾವುದು, ಕೊಟ್ಟ ಮನೆ ಯಾವುದು

ಈ ವಾರ ಗ್ರಾಫಿಕ್ಸ್ ಕಾರ್ಡುಗಳ ಬಗ್ಗೆ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದು ಮುಂದಕ್ಕೆ ಹೋಯಿತು. ಭಾನುವಾರ ಬೆಳಿಗ್ಗೆ ಅಕ್ಕನ ಮಗ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದುಬಿಟ್ಟ. 'ಮಾವ, ವಿಂಡೋಸ್ ಹೊಸದಾಗಿ ಹಾಕ್ದೆ, ವೈಫೈ ಕಾಣ್ತಾನೇ ಇಲ್ಲ.' ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ, ಪಕ್ಕದಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಅನಾಥ ಸಾಲು. ಅಷ್ಟರಲ್ಲಾಗಲೇ ಯಾರದೋ ಪೆನ್‌ಡ್ರೈವಿನಿಂದ ಒಂದು ಡ್ರೈವರ್ ಪ್ಯಾಕ್ ಓಡಿಸಿದ್ದ. ವೈಫೈ ಬಂದಿರಲಿಲ್ಲ. ಕೇಳದೆ ಬಂದ ಬ್ರೌಸರು, ಹೆಸರೇ ಕೇಳಿರದ ಆಂಟಿವೈರಸ್ಸು ಮಾತ್ರ ಬಂದು ಕೂತಿದ್ದವು.

ಈ ಪ್ಯಾಕಿನವರ ಮೇಲೆ ನನಗಿರುವ ಸಿಟ್ಟು ನಿಮಗೆ ಹೊಸದಲ್ಲ. ನಾಡಿ ಹಿಡಿಯದೆ ಅಂಗಡಿಯಲ್ಲಿರುವ ಮಾತ್ರೆಗಳನ್ನೆಲ್ಲ ಒಟ್ಟಿಗೆ ನುಂಗಿಸುವ ಮಂದಿ ಅವರು. ನಾಡಿ ಇರುವುದು ಹಾರ್ಡ್‌ವೇರ್ ಐಡಿಯಲ್ಲಿ. ಅದನ್ನು ತೆಗೆಸಿ, ಹುಡುಗನಿಗೆ ಜೋರಾಗಿ ಓದಲು ಹೇಳಿದೆ: 'ಪಿಸಿಐ, ವೆನ್ 10ಇಸಿ, ಡೆವ್ ಸಿ821, ಸಬ್‌ಸಿಸ್...' ಸಬ್‌ಸಿಸ್‌ನ ಎಂಟು ಅಕ್ಷರಗಳಲ್ಲಿ ಕೊನೆಯ ನಾಲ್ಕು 103ಸಿ.

ನನಗೆ ಇದು ಹಳಗನ್ನಡದ ಸಾಲಿನ ಹಾಗೆ. ಎಲ್ಲಿ ಬಿಡಿಸಬೇಕೆಂದು ಗೊತ್ತಿದ್ದವನಿಗೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ವೆನ್ ಎಂದರೆ ತವರು. 10ಇಸಿ ಅಂದರೆ ರಿಯಲ್‌ಟೆಕ್. ಡೆವ್ ಹುಡುಗಿಯ ಹೆಸರು: ಸಿ821, ಅಂದರೆ 8821ಸಿಇ ಎಂಬ ವೈಫೈ ಚಿಪ್ಪು. ಸಬ್‌ಸಿಸ್‌ನ ಬಾಲ ಕೊಟ್ಟ ಮನೆ. 103ಸಿ ಎಂದರೆ ಎಚ್‌ಪಿ. ಡೆಲ್ ಆಗಿದ್ದರೆ 1028, ಲೆನೊವೊ ಆದರೆ 17ಎಎ. ಮೊದಲು ಕೊಟ್ಟ ಮನೆಯಲ್ಲಿ ವಿಚಾರಿಸಿ, ಅಲ್ಲಿ ಡ್ರೈವರ್ ಸಿಗದಿದ್ದರೆ ತವರಿನ ಬಾಗಿಲು ತಟ್ಟಿ. ಫೋನಿನಿಂದ ಯುಎಸ್‌ಬಿ ಟೆದರಿಂಗ್ ಕೊಟ್ಟು ಇಳಿಸಿಕೊಂಡೆವು. ಹತ್ತು ನಿಮಿಷದ ಕೆಲಸ.

ಇಂಟೆಲ್‌ನ ತವರು ಸಂಖ್ಯೆ 8086. 1978ರಲ್ಲಿ ಬಂದ ಅದರ ಪ್ರೊಸೆಸರಿನ ಹೆಸರೂ ಅದೇ. ವಂಶಾಭಿಮಾನ ಅಂಕಿಗಳಿಗೂ ಅಂಟುತ್ತದೆ ನೋಡಿ.

ಡಬ್ಬದ ಮೇಲಿನ ಹೆಸರನ್ನು ನಂಬುವವರಿಗೂ ಒಂದು ಮಾತು. ಟಿಪಿ-ಲಿಂಕಿನ ಡಬ್ಲ್ಯುಎನ್722ಎನ್ ಎಂಬ ವೈಫೈ ಅಡಾಪ್ಟರಿನ ಮೊದಲ ಆವೃತ್ತಿಯ ಹೊಟ್ಟೆಯಲ್ಲಿ ಅಥೆರಾಸ್ ಚಿಪ್ಪಿತ್ತು, ಎರಡನೆಯದರಲ್ಲಿ ರಿಯಲ್‌ಟೆಕ್. ಹೆಸರು ಅದೇ, ಡ್ರೈವರ್ ಬೇರೆ. ಲಿನಕ್ಸಿನವರು ಹಳೆಯದನ್ನೇ ಹುಡುಕಿಕೊಂಡು ಅಲೆದದ್ದು ಇದಕ್ಕೇ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಭೂತಗನ್ನಡಿ ಪಂಥದವರ ಹಳೇ ಲೆಕ್ಕವೊಂದು ಬಾಕಿ ಇದೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ರಿಪೇರಿ ಮಾಡುವ ಗೆಳೆಯರೊಬ್ಬರು ಏನೇ ಕೊಟ್ಟರೂ ಮೊದಲು ಸ್ಕ್ರೂ ಬಿಚ್ಚುತ್ತಾರೆ. 'ನಂಬರು ಅದು ಬಾಯಲ್ಲಿ ಹೇಳೋದು ಸಾರ್. ಮೈಮೇಲೆ ಬರೆದಿರೋದನ್ನ ನೋಡ್ಬೇಕು' ಎಂಬುದು ಅವರ ವಾದ. ಎರಡು ಕ್ಲಿಕ್ಕಿನಲ್ಲಿ ಸಿಗುವುದಕ್ಕೆ ಲಾಕುಗಳನ್ನೆಲ್ಲ ಮುರಿದುಕೊಳ್ಳಬೇಕೇ ಎಂದು ನಾನು ವರ್ಷಗಟ್ಟಲೆ ನಕ್ಕಿದ್ದೇನೆ.

ಹೋದ ತಿಂಗಳು ನಮ್ಮ ಬೀದಿಯ ದಿನಸಿ ಅಂಗಡಿಯ ತಕ್ಕಡಿ ಕಂಪ್ಯೂಟರಿನ ಜತೆ ಮಾತು ಬಿಟ್ಟಿತು. ನಡುವೆ ಇದ್ದದ್ದು ಯುಎಸ್‌ಬಿಯಿಂದ ಸೀರಿಯಲ್‌ಗೆ ಹೋಗುವ ಅಗ್ಗದ ಕೇಬಲ್. ಐಡಿ ಓದಿದೆ: ದೊಡ್ಡ ಕಂಪನಿಯ ಸಂಖ್ಯೆ. ಆ ಕಂಪನಿಯದೇ ಡ್ರೈವರ್ ಹಾಕಿದೆ. ಕೋಡ್ 10. ಇನ್ನೊಂದು ಆವೃತ್ತಿ ಹಾಕಿದೆ, ಮತ್ತೆ ಕೋಡ್ 10. ಆಗ 2014ರ ಅಕ್ಟೋಬರ್ ನೆನಪಾಯಿತು. ಎಫ್‌ಟಿಡಿಐ ಕಂಪನಿಯ ಡ್ರೈವರೊಂದು ವಿಂಡೋಸ್ ಅಪ್‌ಡೇಟಿನ ಜತೆ ಬಂದು, ತನ್ನ ಐಡಿ ಕದ್ದ ನಕಲಿ ಚಿಪ್ಪುಗಳನ್ನು ಗುರುತಿಸಿ ಅವುಗಳ ಡಿವೈಸ್ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ಏನೂ ಅರಿಯದೆ ಕೊಂಡವರ ಸಾಮಾನೆಲ್ಲ ರಾತ್ರೋರಾತ್ರಿ ಸತ್ತಿತು. ಗಲಾಟೆಯಾದ ಮೇಲೆ ಆ ಡ್ರೈವರನ್ನು ವಾಪಸ್ ತೆಗೆದುಕೊಂಡರು. ಚಿಪ್ಪು ತನ್ನ ತವರಿನ ಹೆಸರನ್ನೇ ಸುಳ್ಳು ಹೇಳಬಲ್ಲದು ಎಂದು ಗೊತ್ತಿದ್ದೂ ಮರೆತಿದ್ದೆ.

ಕೇಬಲ್ ಹಿಡಿದು ಎಸ್‌.ಪಿ. ರೋಡಿಗೆ ಹೋದೆ. ಗೆಳೆಯರು ನಗಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಬ್ಲೇಡಿನಿಂದ ರಬ್ಬರು ಸೀಳಿ, ಬೋರ್ಡನ್ನು ದೀಪದ ಕೆಳಗಿಟ್ಟು, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ನನ್ನ ಕಡೆ ಸರಿಸಿ, 'ನೀವೇ ಓದಿ ಸಾರ್' ಎಂದರು. ಚಿಪ್ಪಿನ ಬೆನ್ನ ಮೇಲಿನ ಅಕ್ಷರಗಳನ್ನು ಯಾರೋ ಉಜ್ಜಿ ಹಾಕಿದ್ದರು. ಅಡ್ಡಡ್ಡ ಗೀರುಗಳಷ್ಟೇ ಉಳಿದಿದ್ದವು.