ಮಾರಯ್ಯನ ಮನೆಯ ಅಂಬಲಿ

ವಿಜಯಪುರದಲ್ಲಿ ವಕೀಲಿ ಮಾಡುತ್ತ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಶರಣರ ಮಾತು ನಮ್ಮ ಕೈಸೇರಿತು. ಅವರ ಕಥೆಗಳನ್ನು ಮಾತ್ರ ನಾವಿನ್ನೂ ಪವಾಡಕ್ಕಾಗಿಯೇ ಓದುತ್ತಿದ್ದೇವೆ. ಮೋಳಿಗೆಯ ಮಾರಯ್ಯನವರ ಕಥೆಯನ್ನೇ ನೋಡಿರಿ. ಕಾಶ್ಮೀರದ ಅರಸುತನ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿದ ವಿಚಿತ್ರ ಪುರುಷರು. ಮಡದಿ ಮಹಾದೇವಿ ಕಾಸಿದ ಅಂಬಲಿಯುಂಡ ಜಂಗಮರು ಬಸವಣ್ಣನವರ ಮಹಾಮನೆಯಲ್ಲಿ, ಅಷ್ಟು ಬಗೆಯ ಭಕ್ಷ್ಯಗಳ ನಡುವೆ, ಅದನ್ನೇ ಹೊಗಳಿದರಂತೆ! ಬಸವಣ್ಣನವರು ವೇಷ ಮರೆಸಿ ಹೋಗಿ ಉಂಡರು. ಗುಟ್ಟಾಗಿ ಹೊನ್ನಿನ ಗಂಟನ್ನಿಟ್ಟು ಬಂದರು. ಮಾರಯ್ಯನವರು ನೊಂದು, ಪಾದೋದಕ ಚಿಮುಕಿಸಿ ಕಟ್ಟಿಗೆಯನ್ನೇ ಹೊನ್ನಾಗಿಸಿದರು. ಪುರಾಣಿಕರು ಮೈಮರೆಯುವುದು ಇಲ್ಲಿಯೇ. ಕಥೆ ಸೊರಗುವುದೂ ಇಲ್ಲಿಯೇ ಎಂದು ನಮಗೆ ತೋರುತ್ತದೆ. ಪಂಕ್ತಿಯಲ್ಲಿ ಅಂಬಲಿಯ ಮಾತೆದ್ದಾಗಲೇ ಪರನಾಡಿನವರು ಕಲ್ಯಾಣದವರಾಗಿದ್ದರು. ಹೊನ್ನಿಟ್ಟ ಬಸವಣ್ಣನವರೇ ಆ ಗಳಿಗೆಯಲ್ಲಿ ಅತಿಥಿಯಾಗದೆ ಬಿಜ್ಜಳನ ಭಂಡಾರಿಯಾಗಿ ಉಳಿದರು.