ಬ್ಯಾಕಪ್ಪಿನ ಬೆಲೆ ತಿಳಿಯುವುದು ಡೇಟಾ ಕಳೆದ ದಿನ

2021ರ ನವೆಂಬರ್ ಮಳೆಗೆ ಬೆಂಗಳೂರಿನ ಯಲಹಂಕ ಕೆರೆಯ ನೀರು ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನುಗ್ಗಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರಯೋಗಾಲಯಗಳೂ ಆಗ ಹಾನಿಗೊಳಗಾದವು. 2024ರ ಅಕ್ಟೋಬರಿನಲ್ಲಿ ಕೇಂದ್ರೀಯ ವಿಹಾರ ಮತ್ತೆ ಜಲಾವೃತವಾಯಿತು. ಕಂಪ್ಯೂಟರುಗಳೇ ಮುಳುಗಬಹುದಾದ ಇಂಥ ಕಡೆ ಕಚೇರಿ ನಡೆಸುವವರು ಯಾವ ಬಗೆಯ ಬ್ಯಾಕಪ್ ಬೇಕೆಂಬುದನ್ನು ಸಾಫ್ಟ್‌ವೇರಿನ ಇಷ್ಟಕ್ಕೆ ಬಿಡಬಾರದು.

ಬಗೆಗಳು ಮುಖ್ಯವಾಗಿ ಮೂರು. ಫುಲ್ ಬ್ಯಾಕಪ್ ಪ್ರತಿ ಸಲವೂ ಎಲ್ಲವನ್ನೂ ನಕಲು ಮಾಡುತ್ತದೆ. ಇನ್‌ಕ್ರಿಮೆಂಟಲ್, ಹಿಂದಿನ ಬ್ಯಾಕಪ್ಪಿನ ನಂತರ ಬದಲಾದದ್ದನ್ನು ಮಾತ್ರ ತೆಗೆದಿಡುತ್ತದೆ. ಡಿಫರೆನ್ಷಿಯಲ್, ಕೊನೆಯ ಫುಲ್ ಬ್ಯಾಕಪ್ಪಿನಿಂದ ಈಚೆಗೆ ಬದಲಾದದ್ದನ್ನೆಲ್ಲ ಸೇರಿಸಿಕೊಳ್ಳುತ್ತದೆ.

ಆರ್.ಟಿ. ನಗರದ ಒಬ್ಬ ಆಡಿಟರ್ ಬಳಿ 200 ಜಿಬಿ ಕಡತಗಳಿದ್ದು, ದಿನಕ್ಕೆ 4 ಜಿಬಿ ಹೊಸದಾಗಿ ಸೇರುತ್ತದೆ ಎಂದುಕೊಳ್ಳೋಣ. ಭಾನುವಾರ ಫುಲ್, ಸೋಮವಾರದಿಂದ ಶನಿವಾರದವರೆಗೆ ಇನ್‌ಕ್ರಿಮೆಂಟಲ್ ಇಟ್ಟರೆ ವಾರಕ್ಕೆ 224 ಜಿಬಿ ಜಾಗ ಸಾಕು. ಡಿಫರೆನ್ಷಿಯಲ್ ಆದರೆ 284 ಜಿಬಿ. ದಿನವೂ ಫುಲ್ ಎಂದರೆ 1,400 ಜಿಬಿ ದಾಟುತ್ತದೆ. ಜಾಗ ಮಾತ್ರ ನೋಡಿದರೆ ಇನ್‌ಕ್ರಿಮೆಂಟಲ್ಲೇ ಗೆಲ್ಲುತ್ತದೆ. ಆದರೆ ಶನಿವಾರ ರಾತ್ರಿ ಡಿಸ್ಕ್ ಕೆಟ್ಟರೆ, ಎಲ್ಲವನ್ನೂ ಮರಳಿ ಪಡೆಯಲು ಭಾನುವಾರದ ಫುಲ್ ಸೇರಿ ಏಳು ಕಂತುಗಳೂ ಸರಿಯಿರಬೇಕು. ಬುಧವಾರದ ಕಂತು ಹಾಳಾಗಿದ್ದರೆ ಬುಧವಾರದಿಂದ ಮುಂದಕ್ಕೆ ಭರವಸೆಯಿಲ್ಲ. ಡಿಫರೆನ್ಷಿಯಲ್‌ಗೆ ಭಾನುವಾರದ್ದು, ಶನಿವಾರದ್ದು ಎರಡೇ ಸಾಕು. ಹೆಚ್ಚುವರಿ 60 ಜಿಬಿಗೆ ಸಿಗುವ ನೆಮ್ಮದಿ ದೊಡ್ಡದು.

ಹಾಗೆಂದು ಇನ್‌ಕ್ರಿಮೆಂಟಲ್ ಕೆಟ್ಟದ್ದಲ್ಲ. ನಿತ್ಯ ದೊಡ್ಡ ವಿಡಿಯೊ ಕಡತಗಳು ಬದಲಾಗುವ ಸ್ಟುಡಿಯೊಗಳಿಗೆ, ಗಂಟೆಗೊಮ್ಮೆ ನಕಲು ಬೇಕಾದವರಿಗೆ ಅದೇ ಸರಿ. ಕಂತುಗಳು ಸರಿಯಿವೆಯೇ ಎಂದು ತಾನೇ ತಪಾಸಣೆ ಮಾಡುವ ಸಾಫ್ಟ್‌ವೇರ್ ಮಾತ್ರ ಜೊತೆಗಿರಬೇಕು.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ: ಸರ್ವರ್ ಪಕ್ಕದಲ್ಲೇ ಬ್ಯಾಕಪ್ ಡಿಸ್ಕ್ ಇಡುವ ರೂಢಿ. ನೀರು ಬಂದರೆ ಎರಡೂ ಮುಳುಗುತ್ತವೆ. ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಸದಾ ಜೋಡಿಸಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ನಿಯಮ ಇದಕ್ಕಾಗಿಯೇ ಇದೆ. ಕಂಪನಿಗಳ ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನವೂ ಇರಬೇಕೆಂದು ಕಂಪನಿ ಲೆಕ್ಕಪತ್ರ ನಿಯಮಗಳ 2022ರ ತಿದ್ದುಪಡಿಯೂ ಹೇಳುತ್ತದೆ.

ಸಣ್ಣ ಕಚೇರಿಗಳಿಗೆ ನನ್ನ ತೀರ್ಪು ಸ್ಪಷ್ಟ: ವಾರಕ್ಕೊಮ್ಮೆ ಫುಲ್, ದಿನವೂ ಡಿಫರೆನ್ಷಿಯಲ್, ಒಂದು ಪ್ರತಿ ಕಟ್ಟಡದ ಹೊರಗೆ. ಮೂರು ತಿಂಗಳಿಗೊಮ್ಮೆ ಕೆಲವು ಕಡತಗಳನ್ನು ಬೇರೊಂದು ಕಂಪ್ಯೂಟರಿಗೆ ಮರಳಿ ತಂದು, ತೆರೆದು ನೋಡಿ. ಆ ಪರೀಕ್ಷೆ ಗೆಲ್ಲದ ಬ್ಯಾಕಪ್ಪನ್ನು ನಂಬಬೇಡಿ.